ಕೂಲರ್ ಪ್ಯಾಡಿನ ಬಿಳಿ ಹಕ್ಕಳೆ, ಟ್ಯಾಂಕಿನ ಹಸಿರು ಪಾಚಿ

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಮನೆಯ ಹಾಲ್‌ನಲ್ಲಿ ಏಳು ತಿಂಗಳಿಂದ ಉಪ್ಪುನೀರಿನ ಹವಳದ ಟ್ಯಾಂಕ್ ಇದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಳಗೆ ಸಣ್ಣ ಸಂಪ್ (ನೀರು ಸೋಸಿ ಮೇಲೆ ಕಳಿಸುವ ತೊಟ್ಟಿ), ಅದರಲ್ಲಿ ನೊರೆಯ ಜೊತೆ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್. ಒಟ್ಟು ನೀರು ಸುಮಾರು 200 ಲೀಟರ್. ಎರಡು ಕ್ಲೌನ್ ಮೀನು, ಒಂದು ಗೋಬಿ, ಜೋವಾ, ಮಶ್ರೂಮ್ ಮತ್ತು ಒಂದು ಹ್ಯಾಮರ್ ಹವಳ ಇವೆ. ಮಾರ್ಚ್‌ನಿಂದ ಕಲ್ಲಿನ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ, ಮರಳಿನ ಮೇಲೆ ಕೆಂಪು ಲೋಳೆ. ಕಿತ್ತರೆ ವಾರದೊಳಗೆ ಮತ್ತೆ ಬರುತ್ತದೆ. ಬಿಸಿಲಿಗೆ ಫ್ಯಾನ್ ಹಾಕಿರುವುದರಿಂದ ದಿನಕ್ಕೆ 5 ಲೀಟರ್ ನೀರು ಆವಿಯಾಗುತ್ತದೆ, ಅಡುಗೆಮನೆಯ ಆರ್‌ಒ ನೀರನ್ನೇ ತುಂಬಿಸುತ್ತೇವೆ. ಟೆಸ್ಟ್ ಮಾಡಿದರೆ ನೈಟ್ರೇಟ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ), ಫಾಸ್ಫೇಟ್ ಸೊನ್ನೆ. ಆದರೂ ಫಾಸ್ಫೇಟ್ ಹೀರುವ ಜಿಎಫ್‌ಒ ದುಪ್ಪಟ್ಟು ಹಾಕಿದ್ದೇವೆ. ಪಾಚಿ ತಿನ್ನಲೆಂದು ಬಸವನಹುಳು ತಂದರೆ ಒಂದೆರಡು ವಾರದಲ್ಲಿ ಸಾಯುತ್ತವೆ. ಎರಿತ್ರೋಮೈಸಿನ್ ಮಾತ್ರೆ ಹಾಕಿ ಅಂತ ಒಬ್ಬರು ಹೇಳಿದ್ದಾರೆ, ಹಾಕಬಹುದೇ? ಅಲಂಕಾರಕ್ಕೆ ಶಹಾಬಾದ್ ಫರಸಿಯ ತುಂಡುಗಳನ್ನೂ ಬೀದರ್‌ನಿಂದ ತಂದ ಜಂಬಿಟ್ಟಿಗೆ ಕಲ್ಲನ್ನೂ ಇಟ್ಟಿದ್ದೇವೆ. ಅದರಿಂದ ಹೀಗಾಯಿತೇ?

ಉತ್ತರ: ಮಾತ್ರೆ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ. ನೀವು ಬರೆದದ್ದರಲ್ಲಿ ಮೂರು ಸುಳಿವು ಇವೆ: ಪಾಚಿ ಶುರುವಾದದ್ದು ಮಾರ್ಚ್‌ನಲ್ಲಿ, ದಿನಕ್ಕೆ 5 ಲೀಟರ್ ಹೊಸ ನೀರು ಬೀಳುತ್ತಿದೆ, ಬಸವನಹುಳು ಬದುಕುತ್ತಿಲ್ಲ. ಮೂರೂ ಬೊಟ್ಟು ಮಾಡುವುದು ಒಂದೇ ಕಡೆಗೆ, ನೀವು ದಿನಾ ತುಂಬಿಸುವ ಆ ಬಕೆಟ್ ಕಡೆಗೆ.

ನಿಮ್ಮ ಮನೆಯ ಏರ್ ಕೂಲರನ್ನೇ ನೋಡಿ. ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ ಹೊಸ ಪ್ಯಾಡ್ ಹಾಕಿಸುತ್ತೀರಿ. ಮೇ ಮುಗಿಯುವಷ್ಟರಲ್ಲಿ ಅದೇ ಪ್ಯಾಡ್ ಬಿಳಿ ಹಕ್ಕಳೆಗಟ್ಟಿ ಕಲ್ಲಿನಂತಾಗಿರುತ್ತದೆ. ನೀರು ಹಾರಿಹೋಗಿರುತ್ತದೆ, ನೀರಿನಲ್ಲಿದ್ದದ್ದು ಅಲ್ಲೇ ಉಳಿದಿರುತ್ತದೆ. ಟ್ಯಾಂಕಿನಲ್ಲೂ ಆಗುವುದು ಇದೇ. ಆದರೆ ಅಲ್ಲಿ ಉಳಿದದ್ದು ಹಕ್ಕಳೆಯಾಗಿ ಕಣ್ಣಿಗೆ ಬೀಳುವುದಿಲ್ಲ, ಪಾಚಿಯಾಗಿ ಬೀಳುತ್ತದೆ. ದಿನಕ್ಕೆ 5 ಲೀಟರ್ ಎಂದರೆ ಮೂರು ತಿಂಗಳಿಗೆ 450 ಲೀಟರ್, ನಿಮ್ಮ ಟ್ಯಾಂಕಿನ ಎರಡು ಪಟ್ಟಿಗಿಂತ ಹೆಚ್ಚು. ಆ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ನೈಟ್ರೇಟ್ ಇದೆ ಎಂದುಕೊಳ್ಳಿ. ದಿನಕ್ಕೆ 40 ಮಿಲಿಗ್ರಾಂ ಟ್ಯಾಂಕಿಗೆ ಸೇರುತ್ತದೆ, 200 ಲೀಟರಿಗೆ ಹಂಚಿದರೆ 0.2 ಪಿಪಿಎಂ, ತಿಂಗಳಿಗೆ 6 ಪಿಪಿಎಂ. ಮೀನಿಗೆ ಒಂದು ಕಾಳೂ ಹಾಕದೆ ಇಷ್ಟು. ಫಾಸ್ಫೇಟ್ 0.1 ಪಿಪಿಎಂ ಇದ್ದರೂ ತಿಂಗಳಿಗೆ 0.075 ಏರುತ್ತದೆ. ಹವಳದ ಟ್ಯಾಂಕಿಗೆ ಬೇಕಾದ ಒಟ್ಟು ಫಾಸ್ಫೇಟೇ 0.03ರಿಂದ 0.1ರ ಒಳಗೆ. ಚಳಿಗಾಲದಲ್ಲಿ ಒಂದೂವರೆ ಎರಡು ಲೀಟರ್ ತುಂಬಿಸುತ್ತಿದ್ದಾಗ ಸುಮ್ಮನಿದ್ದ ಟ್ಯಾಂಕ್ ಬೇಸಿಗೆಯಲ್ಲಿ ತಿರುಗಿಬಿದ್ದದ್ದಕ್ಕೆ ಈ ಲೆಕ್ಕವೇ ಕಾರಣ.

ಆರ್‌ಒ ನೀರು ಶುದ್ಧವಲ್ಲವೇ ಎಂದು ನೀವು ಕೇಳಬಹುದು. ಕುಡಿಯಲು ಶುದ್ಧ, ಹವಳಕ್ಕೆ ಅಲ್ಲ. ಅಡುಗೆಮನೆಯ ಯಂತ್ರದಲ್ಲಿ ಮೂರು ತೊಡಕು ಇವೆ. ಒಂದು, ರುಚಿಗೆಂದು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾಂಶ) ಹೊಂದಿಸುವ ತಿರುಪು ಇಟ್ಟಿರುತ್ತಾರೆ. ಅದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಸ್ವಲ್ಪವೇ ಶುದ್ಧ ನೀರಿಗೆ ಬೆರೆಸುತ್ತದೆ. ಬೋರ್ ನೀರು ಸವಳಿದ್ದರೆ ಆ ಸವಳೇ ಟ್ಯಾಂಕಿಗೆ ಬಂತು. ಎರಡು, ಮೆಂಬ್ರೇನ್ ಚೆನ್ನಾಗಿದ್ದರೂ ಕ್ಯಾಲ್ಸಿಯಂ, ಸಲ್ಫೇಟ್ ತಡೆದಷ್ಟು ಗಟ್ಟಿಯಾಗಿ ನೈಟ್ರೇಟನ್ನು ತಡೆಯುವುದಿಲ್ಲ. ಹೊಲಕ್ಕೆ ಹಾಕಿದ ಗೊಬ್ಬರ, ಊರೊಳಗಿನ ಶೌಚದ ಗುಂಡಿಗಳು ನೆಲದಡಿಯ ನೀರಿಗೆ ನೈಟ್ರೇಟ್ ಸೇರಿಸುತ್ತವೆ. ಹಾಗಾಗಿ ಬೋರ್ ನೀರು ಬಳಸುವವರಿಗೆ ಇದು ಸಣ್ಣ ಮಾತಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಈಗ ಮಾರುವ ಎಷ್ಟೋ ಆರ್‌ಒಗಳಲ್ಲಿ ಆರೋಗ್ಯಕ್ಕೆಂದು ತಾಮ್ರದ ಕಾರ್ಟ್ರಿಡ್ಜ್ ಇರುತ್ತದೆ. ಮನುಷ್ಯರಿಗೆ ಹಿಡಿಸುವಷ್ಟು ತಾಮ್ರ ಬಸವನಹುಳು, ಸೀಗಡಿ, ಏಡಿ, ಹವಳ ಯಾವುದಕ್ಕೂ ಆಗದು. ಅದೂ ಆವಿಯಾಗದೆ ಉಳಿಯುತ್ತದೆ, ದಿನದಿನಕ್ಕೆ ಸೇರುತ್ತ ಹೋಗುತ್ತದೆ. ನಿಮ್ಮ ಯಂತ್ರದ ಮೈಮೇಲೆ ತಾಮ್ರ ಎಂದು ಬರೆದಿದ್ದರೆ ಹುಳುಗಳು ಯಾಕೆ ಸತ್ತವು ಎಂದು ಬೇರೆ ಕಡೆ ಹುಡುಕಬೇಕಿಲ್ಲ. ಹಾಗಿದ್ದರೆ ತಾಮ್ರ ಹೀರುವ ರೆಸಿನ್ ಅಥವಾ ಒಳ್ಳೆಯ ಆ್ಯಕ್ಟಿವೇಟೆಡ್ ಕಾರ್ಬನ್ ಸಂಪ್‌ನಲ್ಲಿಡಿ, ತಾಮ್ರದ ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ಬರುವವರೆಗೆ ಹೊಸ ಹುಳು ತರಬೇಡಿ.

ಹಾಗಾಗಿ ಮೊದಲ ಕೆಲಸ ಪಾಚಿ ಕೀಳುವುದಲ್ಲ, ನೀರು ಅಳೆಯುವುದು. ಪೆನ್ನಿನಂಥ ಟಿಡಿಎಸ್ ಮೀಟರ್ ತಗೊಳ್ಳಿ. ನಲ್ಲಿ ನೀರು, ಆರ್‌ಒ ನೀರು, ತುಂಬಿಸುವ ಬಕೆಟ್‌ನ ನೀರು, ಮೂರನ್ನೂ ಬೇರೆಬೇರೆ ಅಳೆದು ಬರೆದಿಡಿ. ಆಮೇಲೆ ಆರ್‌ಒ ನೀರಿಗೂ ನೈಟ್ರೇಟ್, ಫಾಸ್ಫೇಟ್ ಟೆಸ್ಟ್ ಮಾಡಿ. ಟ್ಯಾಂಕಿನ ನೀರನ್ನು ಹತ್ತು ಸಲ ಪರೀಕ್ಷಿಸುವವರೂ ತುಂಬಿಸುವ ನೀರನ್ನು ಒಮ್ಮೆಯೂ ನೋಡಿರುವುದಿಲ್ಲ. ಬೇಕಾದದ್ದು ಟಿಡಿಎಸ್ 0. ನಿಮ್ಮ ಮೀಟರ್ 60 ಅಥವಾ 90 ತೋರಿಸಿದರೆ ಪಾಚಿಯ ಊಟದ ಮೂಲ ಸಿಕ್ಕಿತು.

ಸೊನ್ನೆ ಮಾಡಲು ಬೇಕಾಗುವ ಭಾಗಗಳನ್ನು ಆರ್‌ಒ ರಿಪೇರಿ ಅಂಗಡಿಯಲ್ಲೇ ಬಿಡಿಬಿಡಿಯಾಗಿ ಜೋಡಿಸಿಕೊಳ್ಳಬಹುದು. 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಅದರ ನಂತರ ಕಾರ್ಬನ್ ಬ್ಲಾಕ್, 24 ವೋಲ್ಟಿನ ಬೂಸ್ಟರ್ ಪಂಪ್, 75 ಅಥವಾ 80 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಮೆಂಬ್ರೇನ್, ಕೊನೆಗೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ತುಂಬಿದ ಡಬ್ಬಿ. ಟಿಡಿಎಸ್ ತಿರುಪು, ಮಿನರಲ್ ಕಾರ್ಟ್ರಿಡ್ಜ್, ತಾಮ್ರ ಯಾವುದೂ ಬೇಡ ಎಂದು ಸ್ಪಷ್ಟವಾಗಿ ಹೇಳಿ. ಅವರಿಗೆ ಕುಡಿಯುವ ಯಂತ್ರ ಕಟ್ಟಿ ರೂಢಿ, ಹೇಳದಿದ್ದರೆ ಹಾಕಿಬಿಡುತ್ತಾರೆ. ಮನೆಯಲ್ಲಿರುವ ಯಂತ್ರದ ಮೆಂಬ್ರೇನ್ ಗಟ್ಟಿಯಾಗಿದ್ದರೆ, ಮಿನರಲ್ ಕಾರ್ಟ್ರಿಡ್ಜ್ ಮತ್ತು ತಿರುಪಿಗೆ ಹೋಗುವ ಮೊದಲೇ ಒಂದು ಟೀ ಜಾಯಿಂಟ್ ಹಾಕಿ ಅಲ್ಲಿಂದ ಡಿಐ ಡಬ್ಬಿಗೆ ಎಳೆದರೂ ನಡೆಯುತ್ತದೆ. ರೆಸಿನ್ ಮಿಕ್ಸ್ಡ್ ಬೆಡ್ ಆಗಿರಲಿ, ಬಣ್ಣ ಬದಲಾಗುವಂಥದ್ದಾದರೆ ಇನ್ನೂ ಒಳ್ಳೆಯದು. ಮೀಟರ್ 1 ಅಥವಾ 2 ತೋರಿಸಿದ ದಿನವೇ ರೆಸಿನ್ ಬದಲಿಸಿ. ಎರಡೇ ತಾನೇ ಎಂದು ತಳ್ಳಬೇಡಿ. ರೆಸಿನ್ ಸೋಲುವಾಗ ಮೊದಲು ದಾಟಿ ಬರುವುದು ಸಿಲಿಕೇಟ್, ಅದನ್ನು ಮೀಟರ್ ಸರಿಯಾಗಿ ಹಿಡಿಯುವುದೂ ಇಲ್ಲ. ಗಾಜಿನ ಮೇಲೆ ಕಂದು ಪುಡಿ ಬಳಿದಂತೆ ಬರುವ ಡಯಾಟಮ್ ತಿನ್ನುವುದು ಅದನ್ನೇ.

ನಮ್ಮ ಬಿಸಿಲಿಗೆ ಸಂಬಂಧಿಸಿದ ಒಂದು ಮಾತನ್ನು ಯಂತ್ರದ ಜೊತೆ ಬರುವ ಪುಸ್ತಕ ಹೇಳುವುದಿಲ್ಲ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮೇ ತಿಂಗಳ ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ. ಬಿಸಿ ನೀರು ಮೆಂಬ್ರೇನಿನಲ್ಲಿ ಬೇಗ ದಾಟುತ್ತದೆ, ಜೊತೆಗೆ ಉಪ್ಪಿನಂಶವನ್ನೂ ಹೆಚ್ಚು ದಾಟಿಸುತ್ತದೆ. 45 ಡಿಗ್ರಿ ಮೀರಿದರೆ ಮೆಂಬ್ರೇನೇ ಹಾಳಾಗುತ್ತದೆ. ಬೆಳಗಿನ ಜಾವ ಐದಾರು ಗಂಟೆಗೆ, ನೀರು ತಣ್ಣಗಿದ್ದಾಗ ಯಂತ್ರ ಓಡಿಸಿ. ಚಾಲೂ ಮಾಡಿದ ಮೊದಲ ಐದು ನಿಮಿಷದ ನೀರನ್ನು ಡಿಐಗೆ ಬಿಡದೆ ಹೊರಚೆಲ್ಲಿ. ಯಂತ್ರ ನಿಂತಾಗ ಮೆಂಬ್ರೇನಿನ ಎರಡೂ ಬದಿ ಉಪ್ಪು ಸಮನಾಗಿರುತ್ತದೆ, ಆ ಮೊದಲ ನೀರು ರೆಸಿನನ್ನು ಸುಮ್ಮನೆ ತಿಂದುಹಾಕುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ಹೊರಬೀಳುತ್ತದೆ. ನೀರಿನ ಕಷ್ಟ ಇರುವ ಊರಲ್ಲಿ ಅದನ್ನು ಮೋರಿಗೆ ಬಿಡಲು ಮನಸ್ಸಾಗದು. ನೆಲ ಒರೆಸಲು, ಅಂಗಳ ತೊಳೆಯಲು, ಶೌಚಕ್ಕೆ ಬಳಸಿ. ಕುಂಡದ ಗಿಡಕ್ಕೆ ಹಾಕಬೇಡಿ, ಕೂಲರಿಗಂತೂ ಬೇಡವೇ ಬೇಡ.

ಈಗ ಫಾಸ್ಫೇಟ್ ಸೊನ್ನೆಯ ವಿಷಯ. ಕಲ್ಲಿನ ಮೇಲೆ ಗೇಣುದ್ದ ಪಾಚಿ ಇದ್ದೂ ಟೆಸ್ಟ್ ಸೊನ್ನೆ ತೋರಿಸಿದರೆ ಫಾಸ್ಫೇಟ್ ಇಲ್ಲ ಎಂದಲ್ಲ, ಬಂದದ್ದನ್ನೆಲ್ಲ ಪಾಚಿ ಆಗಿಂದಾಗಲೇ ನುಂಗುತ್ತಿದೆ ಎಂದು. ಕಲ್ಲೂ ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ನೀರಿನಲ್ಲಿ ಕಡಿಮೆಯಾದಂತೆ ನಿಧಾನಕ್ಕೆ ಬಿಡುತ್ತ ಹೋಗುತ್ತದೆ. ಹೀಗಿರುವಾಗ ಜಿಎಫ್‌ಒ ದುಪ್ಪಟ್ಟು ಮಾಡಿದ್ದು ತಪ್ಪು ದಾರಿ. ಪಾಚಿ ಕಲ್ಲಿಗೆ ಅಂಟಿಕೊಂಡು ಕೂತಿದೆ, ಕಲ್ಲಿನಿಂದ ಹೊರಬಂದದ್ದು ಮೊದಲು ಅದರ ಬಾಯಿಗೆ. ನೀರಿನಲ್ಲಿ ತೇಲುವ ಅಷ್ಟಿಷ್ಟನ್ನು ಜಿಎಫ್‌ಒ ಎಳೆದುಕೊಂಡರೆ ಉಪವಾಸ ಬೀಳುವುದು ಹವಳ. ಹ್ಯಾಮರ್ ಹವಳದ ಗ್ರಹಣಾಂಗ ಮೊದಲಿನಷ್ಟು ಅರಳುತ್ತಿಲ್ಲ, ಬಣ್ಣ ಬಿಳಚಿದೆ ಅನಿಸಿದರೆ ಅದು ಈ ಉಪವಾಸದ ಗುರುತು. ಇನ್ನೂ ದೊಡ್ಡ ಅಪಾಯವೆಂದರೆ ಫಾಸ್ಫೇಟ್ ನಿಜವಾಗಿಯೂ ಸೊನ್ನೆಗೆ ಇಳಿದ ಟ್ಯಾಂಕಿನಲ್ಲಿ ಕೂದಲು ಪಾಚಿ ಹೋಗಿ ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ) ಬರಬಹುದು. ಕೂದಲು ಪಾಚಿ ತಲೆನೋವು, ಡೈನೋ ಟ್ಯಾಂಕನ್ನೇ ಮುಗಿಸಬಲ್ಲದು. ಜಿಎಫ್‌ಒ ಇವತ್ತೇ ಹೊರಗೆ ತೆಗೆಯಿರಿ. ನೀರು ಸರಿಯಾದ ಮೇಲೆ ಫಾಸ್ಫೇಟ್ 0.1 ದಾಟಿದರೆ ಮಾತ್ರ, ಡಬ್ಬಿಯ ಮೇಲೆ ಹೇಳಿದ ಅಳತೆಯ ಕಾಲು ಭಾಗದಿಂದ ಮತ್ತೆ ಶುರು ಮಾಡಿ.

ನಿಮ್ಮಲ್ಲಿರುವುದು ಯಾವ ಪಾಚಿ ಎಂದು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಒಂದು ಎಳೆ ಕಿತ್ತು ಬಿಳಿ ತಟ್ಟೆಯ ನೀರಿನಲ್ಲಿ ಹರಡಿ, ಭೂತಗನ್ನಡಿಯಲ್ಲಿ ನೋಡಿ. ಬರೀ ನೂಲಿನಂತಿದ್ದರೆ ಸಾಮಾನ್ಯ ಕೂದಲು ಪಾಚಿ. ನಡುವೆ ಒಂದು ದಂಟು, ಎರಡೂ ಬದಿಗೆ ಹಕ್ಕಿಯ ಗರಿಯಂತೆ ಕವಲು ಇದ್ದರೆ ಅದು ಬ್ರಯಾಪ್ಸಿಸ್. ಅದಕ್ಕೆ ಊಟ ಕಡಿಮೆ ಮಾಡಿದರೂ ಸುಲಭಕ್ಕೆ ಬಗ್ಗದು, ಬಸವನಹುಳುಗಳೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮರಳಿನ ಮೇಲಿನ ಕೆಂಪು ಲೋಳೆಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಊದಿ. ಹರಿದ ಬಟ್ಟೆಯಂತೆ ಹಾಳೆಹಾಳೆಯಾಗಿ ಎದ್ದರೆ ಅದು ಸಯನೋ, ಅಂದರೆ ಪಾಚಿಯಂತೆ ಕಾಣುವ ಬ್ಯಾಕ್ಟೀರಿಯ. ಕಂದು ಬಣ್ಣದ ಲೋಳೆ ದಾರ, ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಮಾಯವಾಗಿ ಮಧ್ಯಾಹ್ನ ಮತ್ತೆ ಹಾಜರು ಎಂದಾದರೆ ಡೈನೋ ಅನುಮಾನ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಆ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಸಣ್ಣ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಡಿ ಇಡಿ. ಮತ್ತೆ ದಾರದಂತೆ ಕೂಡಿಕೊಂಡರೆ ಡೈನೋ, ನೀರು ತಿಳಿಯಾಗೇ ಉಳಿದರೆ ಸಯನೋ ಅಥವಾ ಬೇರೆ. ಹತ್ತಿರದ ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ 400 ಪಟ್ಟು ತೋರಿಸುವ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ನಿಖರ.

ಕೀಳುವ ಕೆಲಸಕ್ಕೆ ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಇಟ್ಟುಕೊಳ್ಳಿ. ಹಿಂದಿನ ದಿನವೇ 20 ಲೀಟರ್ ಡಿಐ ನೀರಿಗೆ ಅಕ್ವೇರಿಯಂ ಸಾಲ್ಟ್ ಮಿಕ್ಸ್ ಹಾಕಿ. ಲೀಟರಿಗೆ 36ರಿಂದ 38 ಗ್ರಾಂ ಎಂದರೆ ಮುಕ್ಕಾಲು ಕಿಲೋ ಆಸುಪಾಸು. ಅಡುಗೆ ಉಪ್ಪು ಇದಕ್ಕೆ ಬಾರದು. ಸಣ್ಣ ಪಂಪ್ ಹಾಕಿ ರಾತ್ರಿಯಿಡೀ ತಿರುಗಲು ಬಿಡಿ. ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ 1.026 ಬರಬೇಕು. ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು, 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣದಿಂದ ಹೊಂದಿಸಿ.

ಮೊದಲು ಕೈಗವಸು, ಕಣ್ಣಿಗೆ ಕನ್ನಡಕ. ಇದನ್ನು ಒತ್ತಿ ಹೇಳಲೇಬೇಕು, ಯಾಕೆಂದರೆ ನಿಮ್ಮಲ್ಲಿ ಜೋವಾ ಇದೆ. ಆ ಜಾತಿಯ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ತೀವ್ರ ವಿಷ ಇರುತ್ತದೆ. ಅದು ಗಾಯದ ಮೂಲಕ, ಕಣ್ಣಿನ ಮೂಲಕ ಮೈಗೆ ಸೇರುತ್ತದೆ. ಜೋವಾ ಅಂಟಿರುವ ಕಲ್ಲನ್ನು ಎಂದೂ ಕುದಿಸಬೇಡಿ, ಅದರ ಮೇಲೆ ಬಿಸಿನೀರು ಸುರಿಯಬೇಡಿ. ಆ ಹಬೆ ಉಸಿರಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳು ಹೊರದೇಶಗಳಲ್ಲಿ ಇವೆ. ಜೋವಾ ಇರುವ ಕಲ್ಲನ್ನು ಟ್ಯಾಂಕಿನೊಳಗೇ, ಹವಳ ಬಿಟ್ಟು ಅದರ ಸುತ್ತ ಮಾತ್ರ ಕೈಯಿಂದ ಕೀಳಿ. ಬ್ರಷ್ ತಾಗಿಸಬೇಡಿ.

ಉಳಿದ ಕಲ್ಲುಗಳಿಗೆ ಹಳೆ ಹಲ್ಲುಜ್ಜುವ ಬ್ರಷ್ಷನ್ನು ಗಾಳಿಪಂಪಿನ ಕೊಳವೆಗಿಂತ ತುಸು ದಪ್ಪನೆಯ ಪೈಪಿನ ತುದಿಗೆ ಕಟ್ಟಿ. ಉಜ್ಜುತ್ತಿದ್ದಂತೆ ಪಾಚಿ ಪೈಪಿನಲ್ಲಿ ಬಕೆಟಿಗೆ ಇಳಿಯಬೇಕು. ನೀರಿನಲ್ಲಿ ಉದುರಲು ಬಿಟ್ಟರೆ ಒಂದೊಂದು ತುಣುಕೂ ಇನ್ನೊಂದು ಕಲ್ಲು ಹಿಡಿಯುತ್ತದೆ. ಉಜ್ಜುವಾಗ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಓಡಾಡಿಸುವ ಪಂಪ್) ನಿಲ್ಲಿಸಿ. ಹೊರತೆಗೆಯಲು ಬರುವ, ಹವಳವಿಲ್ಲದ ಕಲ್ಲಿದ್ದರೆ ಅದನ್ನು ಟ್ಯಾಂಕಿನಿಂದಲೇ ತೆಗೆದ ಉಪ್ಪುನೀರಿನ ಬಕೆಟ್‌ನಲ್ಲಿ ತಿಕ್ಕಿ. ನಲ್ಲಿಯಡಿ ಹಿಡಿದರೆ ಕಲ್ಲಿನೊಳಗಿನ ಉಪಕಾರಿ ಬ್ಯಾಕ್ಟೀರಿಯ ಸಾಯುತ್ತದೆ. ಒಂದೇ ದಿನ ಮೂರನೇ ಒಂದಕ್ಕಿಂತ ಹೆಚ್ಚು ಕಲ್ಲು ಮುಟ್ಟಬೇಡಿ. ಹೊರತೆಗೆದ ಕಲ್ಲಿನಲ್ಲಿ ಪಾಚಿಯ ಬೇರು ಕಿತ್ತುಬಾರದ ಜಾಗಕ್ಕೆ 3% ಹೈಡ್ರೋಜನ್ ಪೆರಾಕ್ಸೈಡನ್ನು ಬ್ರಷ್ಷಿನಿಂದ ಬಳಿದು ಎರಡು ನಿಮಿಷ ಬಿಟ್ಟು, ಹಳೆ ಉಪ್ಪುನೀರಿನಲ್ಲಿ ಜಾಲಿಸಿ ಟ್ಯಾಂಕಿಗೆ ಹಾಕಬಹುದು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ 6%ದು. ಬಾಟಲಿ ನೋಡಿ, ಹಾಗಿದ್ದರೆ ಅಷ್ಟೇ ಡಿಐ ನೀರು ಬೆರೆಸಿಕೊಳ್ಳಿ. ನಾಲ್ಕೈದು ದಿನದಲ್ಲಿ ಬಳಿದ ಜಾಗ ಬಿಳಿಚಿ ಉದುರುತ್ತದೆ. 20 ಲೀಟರ್ ಹೊರಹೋದ ಕೂಡಲೇ ಕೆಲಸ ನಿಲ್ಲಿಸಿ, ಸಿದ್ಧಪಡಿಸಿದ ಹೊಸ ನೀರನ್ನು ಟ್ಯಾಂಕಿನ ತಾಪಕ್ಕೆ ತಂದು ನಿಧಾನಕ್ಕೆ ತುಂಬಿಸಿ. ಉಳಿದದ್ದು ಮುಂದಿನ ಭಾನುವಾರ.

ಬೆಳಕು ದಿನಕ್ಕೆ 8 ತಾಸು ಸಾಕು. ಎಲ್‌ಇಡಿಯ ಬಿಳಿ ಮತ್ತು ಕೆಂಪನ್ನು ಬಹಳ ತಗ್ಗಿಸಿ, ನೀಲಿಯನ್ನು ಹಾಗೇ ಇಡಿ. ಹವಳಕ್ಕೆ ಬೇಕಾದದ್ದು ಮುಖ್ಯವಾಗಿ ನೀಲಿ. ಕಿಟಕಿಯ ಬಿಸಿಲು ಗಾಜಿಗೆ ಬೀಳುತ್ತಿದ್ದರೆ ದಪ್ಪ ಪರದೆ ಹಾಕಿ. ಮೀನಿಗೆ ಎರಡು ನಿಮಿಷದಲ್ಲಿ ಮುಗಿಸುವಷ್ಟು ಆಹಾರ ಹಾಕಿ.

ಕೆಂಪು ಲೋಳೆಯ ಜಾಗ ಗಮನಿಸಿ. ಬಹುಪಾಲು ಟ್ಯಾಂಕಿನ ಮೂಲೆಯಲ್ಲಿ, ಕಲ್ಲಿನ ಹಿಂದೆ, ಕಸ ಕೂರುವಲ್ಲಿ ಇರುತ್ತದೆ. ನೀರಿನ ಓಡಾಟ ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ. 200 ಲೀಟರಿನ ಟ್ಯಾಂಕಿಗೆ ಗಂಟೆಗೆ 4,000 ಲೀಟರಿಗೆ ಕಡಿಮೆಯಿಲ್ಲದಷ್ಟು ಓಡಾಟ ಬೇಕು, ಎರಡು ಸಣ್ಣ ವೇವ್‌ಮೇಕರ್ ಎದುರುಬದುರು ಇಟ್ಟರೆ ಒಂದು ದೊಡ್ಡದಕ್ಕಿಂತ ಮೇಲು. ದಿನ ಬಿಟ್ಟು ದಿನ ಸಿರಿಂಜಿನಿಂದ ಕಲ್ಲಿನ ಸಂದಿ ಊದಿ, ಎದ್ದ ಕಸ ಫಿಲ್ಟರ್ ಸಾಕ್ಸಿನಲ್ಲಿ (ನೀರು ಸೋಸುವ ಬಟ್ಟೆಚೀಲದಲ್ಲಿ) ಬೀಳಲಿ, ಆ ಸಾಕ್ಸನ್ನು ಮೂರು ದಿನಕ್ಕೊಮ್ಮೆ ತೊಳೆಯಿರಿ. ತೊಳೆಯದ ಸಾಕ್ಸ್ ಇಟ್ಟುಕೊಳ್ಳುವುದಕ್ಕಿಂತ ಸಾಕ್ಸೇ ಇಲ್ಲದಿರುವುದು ವಾಸಿ, ಕಸ ಅಲ್ಲೇ ಕೊಳೆತು ಮತ್ತೆ ನೈಟ್ರೇಟ್ ಆಗುತ್ತದೆ. ಲೋಳೆ ಎಳೆದುಹಾಕಿದ ಮೇಲೂ ಹಟ ಹಿಡಿದರೆ ಮೂರು ದಿನ ದೀಪ ಪೂರ್ತಿ ಆರಿಸಿ ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿ. ಹವಳ ಅಷ್ಟನ್ನು ತಡೆಯುತ್ತದೆ. ಸ್ಕಿಮ್ಮರ್ ಮಾತ್ರ ನಿಲ್ಲಬಾರದು.

ಎರಿತ್ರೋಮೈಸಿನ್ ಯಾಕೆ ಬೇಡ ಎಂದರೆ, ಅದು ಕೆಂಪು ಲೋಳೆಯನ್ನು ಕೊಲ್ಲುತ್ತದೆ ಎಂಬುದೇನೋ ಖರೆ. ಹಸಿರು ಕೂದಲಿಗೆ ಏನೂ ಮಾಡದು. ಸತ್ತ ಲೋಳೆ ಒಮ್ಮೆಲೇ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. 25 ಡಿಗ್ರಿಯಲ್ಲಿ ಉಪ್ಪುನೀರು ಲೀಟರಿಗೆ 6.7 ಮಿಲಿಗ್ರಾಂ ಹಿಡಿದರೆ 30ರಲ್ಲಿ 6.2ರ ಆಸುಪಾಸು. ಇಂಥ ರಾತ್ರಿ ಕರೆಂಟ್ ಹೋದರೆ ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತವೆ. ಲೋಳೆಯ ಊಟ ಹಾಗೇ ಇರುವುದರಿಂದ ತಿಂಗಳಲ್ಲಿ ಅದು ಮರಳಿ ಬರುತ್ತದೆ. ಆ್ಯಂಟಿಬಯಾಟಿಕ್ ಬೆರೆತ ನೀರು ಮೋರಿ ಸೇರುವುದು ಇನ್ನೊಂದು ಕೆಡುಕು.

ಎಳೆ ನೋಡಿದಾಗ ಬ್ರಯಾಪ್ಸಿಸ್ ಎಂದೇ ಖಚಿತವಾದರೆ ಮಾತ್ರ ಒಂದು ಔಷಧಿ ಸಮರ್ಥನೀಯ, ಫ್ಲುಕೋನಜೋಲ್. ಇದು ವೈದ್ಯರ ಚೀಟಿ ಮೇಲೆ ಕೊಡುವ ಶಿಲೀಂಧ್ರದ ಔಷಧಿ. ಹವಳದ ಟ್ಯಾಂಕಿಗೆ ಹವ್ಯಾಸಿಗಳು ಬಳಸುವ ಅಳತೆ ಲೀಟರಿಗೆ 5 ಮಿಲಿಗ್ರಾಂ. 200 ಲೀಟರಿಗೆ 1,000 ಮಿಲಿಗ್ರಾಂ, 150 ಮಿಲಿಗ್ರಾಂನ ಏಳು ಮಾತ್ರೆ. ಪುಡಿ ಮಾಡಿ ಟ್ಯಾಂಕಿನ ನೀರಿನಲ್ಲಿ ಕಲಸಿ ಸಂಪಿಗೆ ಹಾಕುತ್ತಾರೆ. ಕಾರ್ಬನ್ ತೆಗೆದಿಡಬೇಕು, ನೀರು ಶುದ್ಧಮಾಡುವ ಯುವಿ ದೀಪ ಇದ್ದರೆ ಆರಿಸಬೇಕು, ಸ್ಕಿಮ್ಮರಿನ ಬಟ್ಟಲು ತೆಗೆದು ಗಾಳಿಗಷ್ಟೇ ಓಡಿಸಬೇಕು, ಎರಡರಿಂದ ಮೂರು ವಾರ ನೀರು ಬದಲಿಸಬಾರದು. ಮೊದಲ ವಾರ ಏನೂ ಕಾಣದು, ಆಮೇಲೆ ಬಣ್ಣ ಹೋಗಿ ಪುಡಿಯಾಗುತ್ತದೆ. ಸಾಯುವ ಪಾಚಿ ನೈಟ್ರೇಟ್, ಫಾಸ್ಫೇಟ್ ಬಿಡುವುದರಿಂದ ಮೊದಲೇ ಕೈಯಿಂದ ಕಿತ್ತಷ್ಟೂ ಒಳ್ಳೆಯದು. ಕೊನೆಗೆ ಕಾಲು ಭಾಗ ನೀರು ಬದಲಿಸಿ ಹೊಸ ಕಾರ್ಬನ್ ಹಾಕಿ. ಬರೀ ನೂಲಿನ ಪಾಚಿಗೆ ಇದನ್ನು ಬಳಸುವ ಅವಸರ ಬೇಡ, ನೀರು ಸರಿಮಾಡಿದರೆ ಅದು ತಾನೇ ಸೋಲುತ್ತದೆ.

ಸೋಸುವ ಪರೀಕ್ಷೆಯಲ್ಲಿ ಡೈನೋ ಸಿಕ್ಕರೆ ಮೇಲಿನ ದಾರಿ ತಲೆಕೆಳಗು. ಆಗ ನೀರು ಬದಲಿಸುವುದು ನಿಲ್ಲಿಸಿ, ಪೋಷಕಾಂಶ ಏರಿಸಬೇಕು. ನೈಟ್ರೇಟ್ 10, ಫಾಸ್ಫೇಟ್ 0.1ರ ಹತ್ತಿರ ಇರಲಿ. ನಿಮ್ಮ ಟ್ಯಾಂಕಿನಲ್ಲಿ ನೈಟ್ರೇಟ್ ಸೊನ್ನೆಗೆ ಇಳಿದಿದ್ದರೆ 1.4 ಗ್ರಾಂ ಶುದ್ಧ ಸೋಡಿಯಂ ನೈಟ್ರೇಟ್ ಅದನ್ನು ಸುಮಾರು 5 ಪಿಪಿಎಂ ಏರಿಸುತ್ತದೆ. ನೀರಿನಲ್ಲಿ ತೇಲುವ ಜಾತಿಯಾದ ಆಸ್ಟ್ರಿಯಾಪ್ಸಿಸ್‌ಗೆ ಟ್ಯಾಂಕಿನಿಂದಲೇ ನೀರೆಳೆದು ಟ್ಯಾಂಕಿಗೇ ಬಿಡುವ 18 ವ್ಯಾಟ್ ಯುವಿ ಕೆಲಸ ಮಾಡುತ್ತದೆ. ಮರಳಲ್ಲೇ ಇರುವ ಆಂಫಿಡಿನಿಯಂಗೆ ಯುವಿ ಹಾಕಿ ದುಡ್ಡು ಕಳೆಯಬೇಡಿ.

ತಾಪದ ಲೆಕ್ಕಕ್ಕೆ ಬರೋಣ, ಯಾಕೆಂದರೆ ಆ 5 ಲೀಟರ್ ಹುಟ್ಟುವುದು ಅಲ್ಲಿಂದ. ಫ್ಯಾನ್ ಹಾಕಿದ್ದು ಸರಿಯಾದ ಕೆಲಸ. ಒಂದು ಲೀಟರ್ ನೀರು ಆವಿಯಾದರೆ 200 ಲೀಟರ್ ನೀರಿನ ತಾಪವನ್ನು 3 ಡಿಗ್ರಿ ಇಳಿಸುವಷ್ಟು ಶಾಖ ಹೊತ್ತೊಯ್ಯುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಇದು ಕರಾವಳಿಯವರಿಗೆ ಇಲ್ಲದ ಅನುಕೂಲ. ಆದರೆ ಟ್ಯಾಂಕ್ ಇರುವ ಕೋಣೆಯಲ್ಲೇ ಕಿಟಕಿ ಮುಚ್ಚಿ ಏರ್ ಕೂಲರ್ ಓಡಿಸಿದರೆ ಗಾಳಿ ತೇವವಾಗಿ ಫ್ಯಾನ್ ಬೀಸಿದರೂ ನೀರು ತಂಪಾಗದು. ಕೂಲರ್ ಹಾಕುವುದಾದರೆ ಎದುರು ಕಿಟಕಿ ತೆರೆದಿಡಿ. 25ರಿಂದ 27 ಡಿಗ್ರಿ ಗುರಿ. 29 ದಾಟಿ ನಿಂತರೆ ಚಿಲ್ಲರ್ ಅಥವಾ ಎ.ಸಿ. ಯೋಚಿಸಲೇಬೇಕು. ಬ್ಯಾಟರಿಯಿಂದ ನಡೆಯುವ ಗಾಳಿಪಂಪ್ ಒಂದು ಸದಾ ಪಕ್ಕದಲ್ಲಿರಲಿ, ಕರೆಂಟ್ ಹೋದ ಹತ್ತು ನಿಮಿಷದಲ್ಲಿ ಅದು ಗುಳ್ಳೆ ಬಿಡುತ್ತಿರಬೇಕು. ದಿನಕ್ಕೊಮ್ಮೆ 5 ಲೀಟರ್ ಒಟ್ಟಿಗೆ ಸುರಿಯುವ ಬದಲು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹಾಕಿ. ಫ್ಲೋಟ್ ಇರುವ ಆಟೊ ಟಾಪ್‌ಅಪ್ ಹಾಕಿಸಿದರೆ ಉಪ್ಪಿನ ಏರಿಳಿತವೇ ಇರದು.

ಶಹಾಬಾದ್ ಫರಸಿಗೂ ನಿಮ್ಮ ಪಾಚಿಗೂ ಸಂಬಂಧವಿಲ್ಲ. ಅದು ಸುಣ್ಣಕಲ್ಲು, ಕಡಲ ನೀರಿನ 8.0ರಿಂದ 8.3ರ ಪಿಎಚ್‌ನಲ್ಲಿ ಕರಗುವುದಿಲ್ಲ. ಗಟ್ಟಿ ಕಲ್ಲಾದ್ದರಿಂದ ಬ್ಯಾಕ್ಟೀರಿಯಕ್ಕೆ ಮನೆಯೂ ಆಗದು, ಅಷ್ಟೇ. ಹಳೆ ನೆಲದಿಂದ ಕಿತ್ತ ತುಂಡಾಗಿ ಸಿಮೆಂಟ್ ಅಥವಾ ಪಾಲಿಶ್ ಅಂಟಿದ್ದರೆ ತೆಗೆದುಬಿಡಿ. ಬೀದರಿನ ಜಂಬಿಟ್ಟಿಗೆಯನ್ನು ಮಾತ್ರ ಇವತ್ತೇ ತೆಗೆಯಿರಿ. ಅದರ ಕೆಂಪು ಬಣ್ಣವೇ ಕಬ್ಬಿಣ, ಸಿಹಿನೀರಿನ ಗಿಡದ ಟ್ಯಾಂಕಿನವರು ಜಂಬಿಟ್ಟಿಗೆ ಮಣ್ಣನ್ನು ತಳಕ್ಕೆ ಹಾಕುವುದೇ ಗಿಡಕ್ಕೆ ಕಬ್ಬಿಣ ಸಿಗಲೆಂದು. ನಿಮ್ಮಲ್ಲಿ ಅದು ಪಾಚಿಗೆ ಊಟವಾಗಬಹುದು. ಅದರ ಜಾಗಕ್ಕೆ ಕಡಲತೀರದಿಂದ ಕಿತ್ತ ಲೈವ್ ರಾಕ್ (ಜೀವಿಗಳು ಅಂಟಿರುವ ಹವಳದ ಕಲ್ಲು) ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಕೊಳ್ಳಬೇಡಿ. ನಮ್ಮ ಕಡಲಿನ ಬಂಡೆಗಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಒಣ ಅಕ್ವೇರಿಯಂ ಕಲ್ಲು ಸಾಕು. ಅದನ್ನು ಎರಡು ವಾರ ಡಿಐ ನೀರಿನಲ್ಲಿ ನೆನೆಸಿ, ಆ ನೀರಿಗೆ ಫಾಸ್ಫೇಟ್ ಟೆಸ್ಟ್ ಮಾಡಿ ಬಳಸಿ.

ಬಸವನಹುಳು ಕೊನೆಯಲ್ಲಿ. ಉದ್ದ ಕೂದಲನ್ನು ಅವು ತಿನ್ನುವುದಿಲ್ಲ, ಕಿತ್ತ ಮೇಲೆ ಚಿಗುರುವ ಮೋಟುಗಳನ್ನು ತಿನ್ನುತ್ತವೆ. ತಾಮ್ರ ಇಲ್ಲ ಎಂದು ಖಚಿತವಾದ ಮೇಲೆ ಎಂಟು ಟ್ರೋಕಸ್, ಎರಡು ಟರ್ಬೊ ಸಾಕು. ಟ್ರೋಕಸ್ ಅಂಗಾತ ಬಿದ್ದರೂ ತಾನೇ ಮಗುಚಿಕೊಳ್ಳುತ್ತದೆ, ಆಸ್ಟ್ರಿಯಾ ಜಾತಿಗೆ ಅದು ಬಾರದು, ಬಿದ್ದಲ್ಲೇ ಸಾಯುತ್ತದೆ. ಹೈದರಾಬಾದ್ ಅಥವಾ ಬೆಂಗಳೂರಿನಿಂದ ತರಿಸುವುದಾದರೆ ರಾತ್ರಿ ಪ್ರಯಾಣದ ಪಾರ್ಸೆಲ್ ಹೇಳಿ. ಬಂದ ಮೇಲೆ ಕನಿಕನಿಯಾಗಿ ಟ್ಯಾಂಕಿನ ನೀರು ಸೇರಿಸುತ್ತ ಒಂದೂವರೆ ತಾಸು ಹೊಂದಿಸಿ. ಸರ್ಜನ್ ಮೀನು ಪಾಚಿ ತಿನ್ನುತ್ತದೆ ಎಂದು ಅಂಗಡಿಯವರು ಹೇಳುವುದು ನಿಜ, ಆದರೆ ಮೂರು ಅಡಿ ಟ್ಯಾಂಕ್ ಅದಕ್ಕೆ ಜೈಲು.

ಫಲ ಯಾವಾಗ ಕಾಣುತ್ತದೆ? ವಾರಕ್ಕೆ 10% ಬದಲಿಸುತ್ತ ಹೋದರೂ ಎಂಟು ವಾರದ ನಂತರ ಹಳೆ ನೀರಿನಲ್ಲಿದ್ದದ್ದರ 43% ಇನ್ನೂ ಉಳಿದಿರುತ್ತದೆ, ಕಲ್ಲು ಬಿಡುವುದು ಬೇರೆ. ಎರಡನೇ, ಮೂರನೇ ವಾರ ಪಾಚಿ ಮೊದಲಿನಷ್ಟೇ ಬೆಳೆದಂತೆ ಕಾಣುತ್ತದೆ, ಹೆಚ್ಚಿನವರು ಧೈರ್ಯಗೆಟ್ಟು ಮಾತ್ರೆಗೆ ಕೈಹಾಕುವುದು ಆಗಲೇ. ನಾಲ್ಕನೇ ವಾರದ ಸುಮಾರಿಗೆ ಎಳೆಯ ಬಣ್ಣ ಕಡುಹಸಿರಿನಿಂದ ತಿಳಿಹಸಿರಿಗೆ ತಿರುಗುತ್ತದೆ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಎಂಟರಿಂದ ಹತ್ತನೇ ವಾರಕ್ಕೆ ಕಲ್ಲಿನ ಮೇಲೆ ನೇರಳೆ ಬಣ್ಣದ ಹೊದಿಕೆ ಕಾಣತೊಡಗಿದರೆ ಅದು ಕೊರಲೈನ್ ಪಾಚಿ, ಉಜ್ಜಬೇಡಿ. ಅಷ್ಟರಲ್ಲಿ ಮಳೆ ಹಿಡಿದು ಗಾಳಿ ತೇವವಾಗಿ ತುಂಬಿಸುವ ನೀರು ದಿನಕ್ಕೆ ಎರಡು ಲೀಟರಿಗೆ ಇಳಿದಿರುತ್ತದೆ. ಹೊರಗೆ ಬಿಸಿಲು ತಗ್ಗಿದ್ದರೂ ಫ್ಯಾನ್ ಮೊದಲಿನಷ್ಟು ತಂಪು ಕೊಡದ ಕಾಲ ಅದು, ಥರ್ಮಾಮೀಟರ್ ನೋಡುವುದನ್ನು ಬಿಡಬೇಡಿ. ಮುಂದಿನ ಫೆಬ್ರವರಿ ಕೊನೆಗೆ, ಬಿಸಿಲು ಏರುವ ಮೊದಲೇ, ಹೊಸ ರೆಸಿನ್ ತರಿಸಿಟ್ಟುಕೊಳ್ಳಿ.